‘ಜೂಠನ್’ ಆತ್ಮಕಥೆಯಲ್ಲಿ ತಂದೆ ಮತ್ತು ಶಾಲೆ

ಕೆಳಗಿನವರೆನಿಸಿದ ಸಮುದಾಯಗಳ ತಂದೆತಾಯಿಗಳಿಗೆ ಮಕ್ಕಳ ಶಾಲೆಯಲ್ಲಿ ಆಸಕ್ತಿ ಕಡಿಮೆ, ಆದ್ದರಿಂದ ಅವರನ್ನು ಪ್ರೋತ್ಸಾಹಿಸಿ ಕರೆತರಬೇಕು ಎಂಬ ಮಾತು ಶಿಕ್ಷಣವಿಷಯಕ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಇದನ್ನು ಒಪ್ಪುವ ಮೊದಲು ಓಂಪ್ರಕಾಶ ವಾಲ್ಮೀಕಿಯವರ ಹಿಂದೀ ಆತ್ಮಕಥೆ ‘ಜೂಠನ್’ (೧೯೯೭) ಕೃತಿಯನ್ನು ಓದುವುದು ಉಚಿತ.

ಕಥಾನಕ ಉತ್ತರಪ್ರದೇಶದ ಮುಜಫ್ಫರನಗರ ಜಿಲ್ಲೆಯ ಬರ್ಲಾ ಗ್ರಾಮದ್ದು. ಲೇಖಕರು ಕಸಗುಡಿಸುವ ವೃತ್ತಿಗೆ ಕಟ್ಟುಬಿದ್ದ ಕುಲದವರು. ಸ್ವಾತಂತ್ರ್ಯ ಬಂದು ಎಂಟು ವರ್ಷ ಕಳೆದಿದ್ದರೂ ಮಗನನ್ನು ಪ್ರಾಥಮಿಕ ಶಾಲೆಗೆ ಸೇರಿಸಲು ತಂದೆ ಹಲವು ದಿನ ಅಲೆದು ಉಪಾಧ್ಯಾಯರನ್ನು ಬೇಡಿಕೊಳ್ಳಬೇಕಾಯಿತು. ಮುಂದೆ, ನಾಲ್ಕನೆಯ ತರಗತಿಯಲ್ಲಿ, ಮುಖ್ಯೋಪಾಧ್ಯಾಯನು ಬಾಲಕನನ್ನು ಪಾಠಕ್ಕೆ ಕೂರಿಸದೆ ಶಾಲೆಯನ್ನು ಗುಡಿಸಲು ಹಚ್ಚುತ್ತಾನೆ. ಮೂರನೆಯ ದಿನ ಆ ದಾರಿಯಾಗಿ ಬಂದ ತಂದೆ ಮಗನ ಕೈಯ ಪೊರಕೆಯನ್ನು ಕಿತ್ತೆಸೆದು, ಗುರುವನ್ನು ದ್ರೋಣಾಚಾರ್ಯನ ಸಂತತಿಯೆಂದು ಜರೆದು, ಮಗನು ಇದೇ ಶಾಲೆಯಲ್ಲಿ ಓದುವನೆಂದೂ ಇವನ ಹಿಂದೆ ಇನ್ನೂ ಅನೇಕರು ಬರುವರೆಂದೂ ಸಾರುತ್ತಾನೆ.

ಓದುಗರ ಮನಸ್ಸಿನಲ್ಲಿ ನಿಲ್ಲುವುದು ಈ ಸಿಡಿಲಿನಂಥ ಮಾತೇ. ನಮಗಾದರೋ ಅದರ ಮುಂದಿನ ಭಾಗವೇ ಹೆಚ್ಚು ಅರ್ಥಗರ್ಭಿತವೆನಿಸುತ್ತದೆ. ಮಾತಿನ ಫಲ ಬಹಿಷ್ಕಾರ. ತಂದೆ ಮೇಲ್ಜಾತಿಯವರ ಮನೆಮನೆಗೆ ಹೋಗಿ ಬೆಂಬಲ ಬೇಡುತ್ತಾನೆ. ಓದಿ ಆಗಬೇಕಾದ್ದೇನು ಎಂಬ ಉತ್ತರವೇ ದೊರೆಯುತ್ತದೆ. ಕೊನೆಗೆ ಬಾಲಕನು ಶಾಲೆಗೆ ಮರಳಿದ್ದು ಗ್ರಾಮದ ಪ್ರಧಾನನು ಹೇಳಿದ ಮೇಲೆ. ತಂದೆಯ ಆಸಕ್ತಿಯಲ್ಲಿ ಕೊರತೆಯಿರಲಿಲ್ಲ. ಅವನ ಮಾತಿಗೆ ಶಾಲೆಯಲ್ಲಿ ಬೆಲೆಯಿರಲಿಲ್ಲ. ಪ್ರೋತ್ಸಾಹ ಬೇಕಾಗಿದ್ದುದು ಯಾರಿಗೆ?

೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೧ನೆಯ ಪ್ರಕರಣವು ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನಗಳನ್ನು ಪೋಷಕರಿಗೆ ಕೊಟ್ಟಿತು. ದುರ್ಬಲ ವರ್ಗಗಳ ಪೋಷಕರಿಗೆ ಪ್ರಮಾಣಾನುಗುಣವಾಗಿ, ಮಹಿಳೆಯರಿಗೆ ಅರ್ಧದಷ್ಟು ಸ್ಥಾನಗಳನ್ನು ವಿಧಿಸಿತು; ಶಾಲೆಯ ಕಾರ್ಯವನ್ನೂ ಅನುದಾನದ ವೆಚ್ಚವನ್ನೂ ಪರಿಶೀಲಿಸುವ ಅಧಿಕಾರವನ್ನಿತ್ತಿತು. ಇದು ಅಲ್ಪ ಸಂಗತಿಯಲ್ಲ. ಆದರೆ ಊರಿನ ಪ್ರಧಾನನ ಮಾತೇ ನಡೆಯುವಲ್ಲಿ ಸಮಿತಿಯ ಕುರ್ಚಿಯ ಮೇಲೆ ಕುಳಿತವನು ಪೊರಕೆಯ ಪ್ರಶ್ನೆಯನ್ನು ಎತ್ತಬಲ್ಲನೇ ಎಂಬುದನ್ನು ಕಾಯಿದೆಯ ಪಾಠದಿಂದ ತಿಳಿಯಲಾಗದು. ದಿನಗೂಲಿಯನ್ನು ಬಿಟ್ಟು ಸಭೆಗೆ ಬರಬೇಕಾದವನ ಕಷ್ಟ ಬೇರೆ.

ಕೃತಿಯ ಬಗ್ಗೆ ಒಂದು ಆಕ್ಷೇಪವುಂಟು. ಆರನೆಯ ತರಗತಿಗೆ ಹಣವಿಲ್ಲದಾಗ ವಿಧವೆಯಾದ ಅತ್ತಿಗೆ ತನ್ನ ಬೆಳ್ಳಿಯ ಕಾಲ್ಗೆಜ್ಜೆಯನ್ನು ಒತ್ತೆಯಿಡಲು ಕೊಡುತ್ತಾಳೆ. ಶಾಲೆಯ ಬಾಗಿಲಿಗೂ ಬಾರದೆ ಆ ಶಾಲೆಯನ್ನು ನಡೆಯಿಸಿದವಳು ಈಕೆ. ತಂದೆಯ ಚಿತ್ರಕ್ಕೆ ದೊರೆತ ವಿಸ್ತಾರದ ಒಂದಂಶವಾದರೂ ಈಕೆಗೆ ದೊರೆಯಬೇಕಿತ್ತು.