ಅಂಕಿಗಳ ಹಾರ: ದೊಡ್ಡ ಸಂಖ್ಯೆಯ ಸೊಗಸು ಸವಿಯಲು

12345654321. ಗಟ್ಟಿಯಾಗಿ ಓದಿ: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಇದು ಖಜಾನೆಯ ಲೆಕ್ಕದಂತೆ ಕೇಳಿಸುತ್ತದೆ. ಈಗ ಒಂದೊಂದೇ ಅಂಕಿಯಾಗಿ ಹೇಳಿ. ಒಂದರಿಂದ ಆರಕ್ಕೆ ಆರೋಹಣ, ಆರರಿಂದ ಒಂದಕ್ಕೆ ಅವರೋಹಣ. ‘ವಿಕಟಕವಿ’ಯ ಹಾಗೆ, ಎತ್ತ ಕಡೆಯಿಂದ ಓದಿದರೂ ಒಂದೇ.

ನೃಪತುಂಗ ಅಮೋಘವರ್ಷನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ಆರಂಭಿಸಿದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ಈ ಸೊಗಸನ್ನು ಕಂಡಿದ್ದರು. 27994681ನ್ನು 441ರಿಂದ ಗುಣಿಸಿದರೆ ಬರುವುದು ಈ ಸಂಖ್ಯೆಯೇ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು.

ಹಾರವನ್ನು ಮೆಚ್ಚಿದರೆ ಸಾಲದು, ಅದರ ದಾರವನ್ನೂ ಹುಡುಕಬೇಕು. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿ: 111111. ಅದೇ ದಾರ. 111111ನ್ನು ಅದರಿಂದಲೇ ಗುಣಿಸುವಾಗ, ಶಾಲೆಯಲ್ಲಿ ಕಲಿತಂತೆ, ಒಂದೊಂದು ಸ್ಥಾನ ಸರಿಸುತ್ತ ಆರು ಸಾಲು ಬರೆಯುತ್ತೇವೆ. ನಡುವಿನ ಕಂಬಸಾಲಿನಲ್ಲಿ ಆರು ಒಂದುಗಳು ನಿಲ್ಲುತ್ತವೆ, ಎರಡೂ ಬದಿಗೆ ಒಂದೊಂದೇ ಕಡಿಮೆಯಾಗುತ್ತವೆ. ಯಾವ ಮೊತ್ತವೂ ಒಂಬತ್ತನ್ನು ದಾಟದ್ದರಿಂದ ದಶಕ ಒಯ್ಯುವ ಕೆಲಸವೇ ಇಲ್ಲ. ಒಂಬತ್ತು ಒಂದುಗಳವರೆಗೆ ಈ ಅಂದ ಉಳಿಯುತ್ತದೆ. ಹತ್ತು ಒಂದುಗಳನ್ನು ವರ್ಗ ಮಾಡಿ ನೋಡಿ, 1234567900987654321 ಬಂದು ಹಾರ ಹರಿಯುತ್ತದೆ.

ಸಂಖ್ಯೆಗಳ ಬಗೆಗಳ ಹೆಸರುಗಳನ್ನು ಮೊದಲೇ ಬಾಯಿಪಾಠ ಮಾಡಬೇಡಿ. ರಾಗ ಕೇಳಿದ ಮೇಲೆ ಅದರ ಹೆಸರು ತಿಳಿಯುವುದೇ ಚೆನ್ನ. 12345654321ನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು, ಒಂದೊಂದೂ ಎರಡೆರಡು ಸಲ. ಭಾಜಕಗಳು 243: 121 ಜೋಡಿ, ಜೊತೆಗೆ ಒಂಟಿಯಾಗಿ ನಡುವೆ 111111, ಹಾರದ ಪದಕದಂತೆ. ಪೂರ್ಣ ವರ್ಗಗಳಿಗಷ್ಟೇ ಇಂಥ ಪದಕವಿರುತ್ತದೆ. ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ 13029870672, ಸಂಖ್ಯೆಗಿಂತಲೇ ಹೆಚ್ಚು. ಹೀಗಾಗಿ ಇದು ಸಮೃದ್ಧ ಸಂಖ್ಯೆ. ಬೆಸ ಸಂಖ್ಯೆಗಳಲ್ಲಿ ಇಂಥವು ಅಪರೂಪ. 945ಕ್ಕಿಂತ ಕೆಳಗೆ ಒಂದೂ ಇಲ್ಲ.

ನನಗೆ ಅತಿ ಪ್ರಿಯವಾದ ಸಂಗತಿ ಇನ್ನೂ ಇದೆ. ಈ ಹಾರದಿಂದ ಎರಡು 37ಗಳನ್ನು ತೆಗೆದು ಆ ಜಾಗದಲ್ಲಿ 22021ನ್ನು ಪೋಣಿಸಿದರೆ 198585576189 ಸಿಗುತ್ತದೆ. 22021 ಅವಿಭಾಜ್ಯವಾಗಿದ್ದರೆ ಸಂಖ್ಯೆಯನ್ನು ಬಿಟ್ಟು ಇದರ ಉಳಿದ ಭಾಜಕಗಳ ಮೊತ್ತ ಸಂಖ್ಯೆಗೆ ಸರಿಸಮವಾಗಿ, ಇದು ಬೆಸ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು ಎಂದು ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ 1638ರಲ್ಲಿ ಗುರುತಿಸಿದ. ಆದರೆ 22021 ಎಂದರೆ 19 × 19 × 61. ಕೂದಲೆಳೆಯಲ್ಲಿ ತಪ್ಪಿತು. ಬೆಸ ಪರಿಪೂರ್ಣ ಸಂಖ್ಯೆ ಇಂದಿಗೂ ಯಾರಿಗೂ ಸಿಕ್ಕಿಲ್ಲ; ಅದು ಇಲ್ಲವೆಂದು ಸಾಧಿಸಿದವರೂ ಇಲ್ಲ.

ಮಹಾವೀರಾಚಾರ್ಯರ ಇನ್ನೊಂದು ಹಾರವನ್ನು ನೀವೇ ಬಿಡಿಸಿ ನೋಡಿ. 152207ನ್ನು 73ರಿಂದ ಗುಣಿಸಿ. ಯಂತ್ರ ಬೇಡ, ಕಾಗದದ ಮೇಲೆ ಕೈಯಲ್ಲೇ ಮಾಡಿ.