ಬೂಟು ನೋಡಿ, ಆಮೇಲೆ ಸದ್ದು ಕೇಳಿ

ಬೇಸಿಗೆ ಭತ್ತಕ್ಕೆ ಸಿರುಗುಪ್ಪದ ಕಡೆ ಗದ್ದೆಗಳು ಮತ್ತೆ ಕೆಸರಾಗುತ್ತಿವೆ. ಟ್ರ್ಯಾಕ್ಟರುಗಳು ಗದ್ದೆಯಿಂದ ಗದ್ದೆಗೆ ದಾಟುವಾಗ ಎರೆಮಣ್ಣಿನ ಹೆಂಟೆಗಳು ಡಾಂಬರಿನ ಮೇಲೆ ಬೀಳುತ್ತವೆ. ಅವೇ ನೀರು ಕುಡಿದು ರಾಡಿಯಾಗಿ ನಮ್ಮ ಕಾರುಗಳ ಅಡಿಗೆ ಮೆತ್ತಿಕೊಳ್ಳುತ್ತವೆ. ಹೋದ ವಾರ ಲಿಂಕ್ ರಾಡಿನ ಬಗ್ಗೆ ಬರೆಯುತ್ತ, ಅದರ ಸದ್ದಿಗೂ ಆಕ್ಸಲ್ ಸದ್ದಿಗೂ ಇರುವ ವ್ಯತ್ಯಾಸವನ್ನು ಈ ವಾರ ಹೇಳುತ್ತೇನೆ ಅಂದಿದ್ದೆ. ಮೊದಲು ಅದನ್ನು ಮುಗಿಸುತ್ತೇನೆ.

ಲಿಂಕ್ ರಾಡು ಗಾಲಿ ಗುಂಡಿಗೆ ಇಳಿದಾಗ ಬಡಿಯುತ್ತದೆ, ಸ್ಟೇರಿಂಗು ನೆಟ್ಟಗಿದ್ದರೂ ಬಡಿಯುತ್ತದೆ. ವೀಲ್ ಬೇರಿಂಗು ವೇಗ ಏರಿದಂತೆ ಗುಂಯ್‌ಗುಡುತ್ತದೆ. ಆಕ್ಸಲ್‌ನ ಹೊರತುದಿಯ, ಅಂದರೆ ಗಾಲಿ ಕಡೆಯ ಸಿವಿ ಜಾಯಿಂಟು, ಸ್ಟೇರಿಂಗು ಪೂರ್ತಿ ತಿರುಗಿಸಿ ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಟಕ್ ಟಕ್ ಟಕ್ ಅನ್ನುತ್ತದೆ. ಗಾಲಿ ಎಷ್ಟು ಬೇಗ ಸುತ್ತುತ್ತದೋ ಅಷ್ಟು ಬೇಗ ಬಡಿತ, ಕಾಲು ತೆಗೆದರೆ ಸದ್ದೂ ತಗ್ಗುತ್ತದೆ. ಗೇರ್‌ಬಾಕ್ಸ್ ಕಡೆಯ ಒಳಜಾಯಿಂಟು ಸವೆದಿದ್ದರೆ ಟಕಟಕ ಬರುವುದು ಕಡಿಮೆ. ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಒತ್ತಿದರೆ ಬಾನೆಟ್ಟಿನಿಂದ ಸೀಟಿನವರೆಗೆ ಒಂದು ಅಡ್ಡನಡುಕ ಬರುತ್ತದೆ, ಕಾಲೆತ್ತಿದ ಕೂಡಲೇ ನಿಲ್ಲುತ್ತದೆ. ಇದನ್ನು ಗಾಲಿ ಬ್ಯಾಲೆನ್ಸಿಂಗಿನ ತೊಂದರೆ ಎಂದುಕೊಂಡು ಟಯರಿನ ಅಂಗಡಿ ಅಲೆಯುವವರು ಬಳ್ಳಾರಿಯಲ್ಲಿ ಬಹಳ ಮಂದಿ.

ಇಲ್ಲಿ ಒಂದು ಹಳೆಯ ಜಗಳವನ್ನೂ ಇತ್ಯರ್ಥ ಮಾಡಬೇಕು. 'ಎಡಕ್ಕೆ ತಿರುಗಿಸಿದಾಗ ಸದ್ದು ಬಂದರೆ ಬಲಗಡೆ ಆಕ್ಸಲ್ ಹೋಗಿದೆ' ಎಂಬ ಮಾತನ್ನು ನಮ್ಮ ಗ್ಯಾರೇಜುಗಳಲ್ಲಿ ಶಾಸನದಂತೆ ನಂಬುತ್ತಾರೆ. ತಿರುವಿನಲ್ಲಿ ಹೊರಗಿನ ಗಾಲಿಯ ಮೇಲೆ ಭಾರ ಹೆಚ್ಚು ಬೀಳುವುದು ನಿಜ, ಆದ್ದರಿಂದ ಈ ಮಾತು ಹಲವು ಸಲ ಸರಿಹೋಗುತ್ತದೆ. ಆದರೆ ಅದೇ ತಿರುವಿನಲ್ಲಿ ಒಳಗಿನ ಗಾಲಿ ಹೊರಗಿನದಕ್ಕಿಂತ ಹೆಚ್ಚು ಬಾಗಿರುತ್ತದೆ, ಅದರ ಜಾಯಿಂಟೂ ಅಷ್ಟೇ ಬಾಗಿರುತ್ತದೆ. ಮೆಲ್ಲಗೆ ತಿರುಗಿಸುವಾಗ ಸದ್ದು ಎರಡರಲ್ಲಿ ಯಾವುದರಿಂದಲೂ ಬರಬಹುದು. ಖಾಲಿ ಮೈದಾನದಲ್ಲಿ ಒಬ್ಬರು ನಿಧಾನವಾಗಿ ಸುತ್ತು ಹೊಡೆಯಲಿ, ಇನ್ನೊಬ್ಬರು ಪಕ್ಕದಲ್ಲಿ ನಡೆಯುತ್ತ ಕಿವಿಗೊಡಲಿ. ಆಮೇಲೆ ಜಾಕಿ ಕೊಟ್ಟು, ಸ್ಟ್ಯಾಂಡ್ ಇಟ್ಟು, ಶಾಫ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಚಿ ನೋಡಿ. ಎರಡೂ ಬದಿಯ ಆಟವನ್ನು ಹೋಲಿಸದೆ ಯಾರಾದರೂ 'ಬಲಗಡೆಯದು' ಅಂದರೆ ಒಪ್ಪಬೇಡಿ.

ಇಷ್ಟೆಲ್ಲ ಬರೆದ ಮೇಲೂ ನನ್ನ ಮನಸ್ಸು ಸದ್ದಿನ ಮೇಲಿಲ್ಲ. ಬಾಗಿದ ಶಾಫ್ಟು ಒಂದೇ ಸಮನಾಗಿ ತಿರುಗುವುದು ಎಂಥ ಅದ್ಭುತ ಎಂಬುದನ್ನು ಈ ಅಂಕಣದಲ್ಲಿ ನಾನು ಇನ್ನೂ ಸರಿಯಾಗಿ ಹೇಳಿಲ್ಲ.

ನಮ್ಮ ಹಳೆಯ ಮೇಸ್ತ್ರಿಗಳು ಕೈ ಪಳಗಿಸಿಕೊಂಡದ್ದು ಅಂಬಾಸಿಡರ್, ಫಿಯಟ್ ಗಾಡಿಗಳಲ್ಲಿ. ಅಲ್ಲಿ ಎಂಜಿನ್ನಿನ ಶಕ್ತಿ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಗಾಲಿಗೆ ಹೋಗುತ್ತಿತ್ತು, ಬಾಗುವ ಕಡೆ ಕ್ರಾಸ್, ಅಂದರೆ ಯೂನಿವರ್ಸಲ್ ಜಾಯಿಂಟು, ಇರುತ್ತಿತ್ತು. ಹದಿನೇಳನೇ ಶತಮಾನದ ರಾಬರ್ಟ್ ಹುಕ್ ಹೆಸರಿನಲ್ಲಿ ಗುರುತಿಸುವ ಈ ಜೋಡಣೆಗೆ ಒಂದು ದೋಷವಿದೆ. ಅದು 30 ಡಿಗ್ರಿ ಬಾಗಿದರೆ, ಒಳಗೆ ಬರುವ ತಿರುಗುವಿಕೆ ಸಮನಾಗಿದ್ದರೂ ಹೊರಗೆ ಹೋಗುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಸುಮಾರು ಶೇ 15ರಷ್ಟು ಏರಿ, ಎರಡು ಸಲ ಶೇ 13ರಷ್ಟು ಇಳಿಯುತ್ತದೆ. ಅಂಬಾಸಿಡರಿನಲ್ಲಿ ಬಾಗು ಚಿಕ್ಕದು, ಎರಡು ಕ್ರಾಸ್‌ಗಳು ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತಿದ್ದವು. ಸ್ಟೇರಿಂಗಿನ ಜೊತೆ ತಿರುಗುವ ಮುಂದಿನ ಗಾಲಿಗೆ ಬರಿಯ ಕ್ರಾಸ್ ಹಾಕಿದರೆ ತಿರುವಿನಲ್ಲಿ ಗಾಡಿ ಜಗ್ಗುತ್ತ ನಡುಗುತ್ತದೆ.

ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ಇದನ್ನು ಬಿಡಿಸಿದ. ಅವನಿಗೆ ಪೇಟೆಂಟ್ ಸಿಕ್ಕಿದ್ದು 1928ರಲ್ಲಿ. ಹೊರಗೊಂದು ಬಟ್ಟಲು, ಒಳಗೊಂದು ನಕ್ಷತ್ರದಂಥ ಗಟ್ಟಿ, ಎರಡರಲ್ಲೂ ಬಾಗಿದ ತೋಡುಗಳು, ನಡುವೆ ಆರು ಉಕ್ಕಿನ ಗುಂಡುಗಳು, ಅವನ್ನು ಹಿಡಿದಿಡುವ ಪಂಜರ. ಗಾಲಿ ಎಷ್ಟೇ ತಿರುಗಲಿ, ಎರಡು ಶಾಫ್ಟುಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ಆ ಆರೂ ಗುಂಡುಗಳು ನಿಲ್ಲುತ್ತವೆ. ಆದ್ದರಿಂದ ಒಳಗಿನ ವೇಗವೇ ಹೊರಗಿನ ವೇಗ, ಏರಿಳಿತವೇ ಇಲ್ಲ. ಎರಡನೇ ಮಹಾಯುದ್ಧದ ಜೀಪುಗಳಲ್ಲಿ ಕೆಲವಕ್ಕೆ ಮುಂದಿನ ಆಕ್ಸಲ್‌ನಲ್ಲಿ ಈ ಜಾಯಿಂಟಿತ್ತು. 1959ರ ಮಿನಿ ಕಾರು ಇದನ್ನು ಮನೆಮನೆಗೆ ಒಯ್ದಿತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಮುಂದಿನ ಗಾಲಿ ಎಳೆಯುವ ಕಾರನ್ನು ಮಧ್ಯಮ ವರ್ಗದ ಅಂಗಳಕ್ಕೆ ತಂದಿತು. ಆ ಆರು ಗುಂಡುಗಳನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ ಅದನ್ನು ಗುಜರಿಗೆ ಎಸೆಯಲು ಮನಸ್ಸು ಬರುವುದಿಲ್ಲ. ನನಗಂತೂ ಬರುವುದಿಲ್ಲ.

ಇಂಥ ಜಾಯಿಂಟು ತಾನಾಗಿ ಸವೆಯುವುದು ಬಹಳ ನಿಧಾನ. ಅದರ ಮೇಲೆ ಸುತ್ತಿದ ರಬ್ಬರಿನ ಬೂಟು ಹರಿದ ದಿನದಿಂದ ಲೆಕ್ಕ ಬದಲಾಗುತ್ತದೆ. ಗ್ರೀಸು ಹೊರಗೆ ಚಿಮ್ಮಿ, ಆ ಜಾಗಕ್ಕೆ ಊರಿನ ಮಣ್ಣು ಬರುತ್ತದೆ. ಅದಿರಿನ ಲಾರಿ ಓಡುವ ದಾರಿಯಲ್ಲಿ ಕೆಂಪು ಧೂಳು. ಅದು ಕಬ್ಬಿಣದ ಆಕ್ಸೈಡು. ಅಕ್ಕಸಾಲಿಗರು ಬಂಗಾರಕ್ಕೆ ಹೊಳಪು ಕೊಡುವ ಕೆಂಪು ಪುಡಿಯೂ ಮೂಲತಃ ಅದೇ. ಗ್ರೀಸಿನಲ್ಲಿ ಕಲಸಿದರೆ ಉಕ್ಕನ್ನು ಸಣ್ಣಗೆ ಅರೆಯುತ್ತದೆ. ಹಗರಿ ಹೊಳೆಯ ಮರಳು, ಕುರುಗೋಡಿನ ಗುಡ್ಡಗಳ ಕಡೆಯ ಕಲ್ಲುಪುಡಿ ಇನ್ನೂ ಕೆಟ್ಟದ್ದು, ಅದರಲ್ಲಿರುವ ಬೆಣಚುಕಲ್ಲು ಹದಗೊಳಿಸಿದ ಉಕ್ಕನ್ನೂ ಗೀರುತ್ತದೆ. ಸಿರುಗುಪ್ಪದ ಎರೆಮಣ್ಣು ಮೆದು, ಗೀರುವುದಿಲ್ಲ. ಆದರೆ ನೀರನ್ನು ಬಿಡದೆ ಹಿಡಿದಿಡುತ್ತದೆ, ಗುಂಡು ಓಡುವ ತೋಡುಗಳಿಗೆ ತುಕ್ಕು ಹಿಡಿಸಿ ಕುಳಿ ಬೀಳಿಸುತ್ತದೆ. ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುಲ್ಲು ಶಾಫ್ಟಿಗೆ ಸುತ್ತಿಕೊಂಡು ಬೂಟಿನ ಕ್ಲಿಪ್ಪನ್ನು ಜಗ್ಗುವುದೂ ಉಂಟು. ಅಂಥ ದಾರಿ ದಾಟಿದ ಮೇಲೆ ಇಳಿದು ನೋಡುವುದು ಬೂಟಿಗೂ ಒಳ್ಳೆಯದು, ಹುಲ್ಲಿಗೆ ಬೆಂಕಿ ಹತ್ತುವ ಭಯವೂ ತಪ್ಪುತ್ತದೆ. ಎಲ್ಲಕ್ಕಿಂತ ಮೇಲೆ ನಮ್ಮ ಬೇಸಿಗೆ. 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಹಳೆಯ ರಬ್ಬರು ಮಡಿಕೆಯ ಒಳಮೂಲೆಯಲ್ಲೇ ಮೊದಲು ಬಿರಿಯುತ್ತದೆ. ಸ್ಟೇರಿಂಗು ಪೂರ್ತಿ ತಿರುಗಿಸಿ ಮಡಿಕೆ ಬಿಡಿಸಿ ನೋಡದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ರಿಮ್ಮಿನ ಒಳಬದಿಗೆ ಕಪ್ಪು ಗ್ರೀಸು ಸಿಡಿದು ಅಂಟಿದ್ದರೆ ಬೂಟು ಆಗಲೇ ಹರಿದಿದೆ.

'ಓಡ್ಲಿ ಬಿಡ್ರಿ ಸಾ, ಸದ್ದು ಬಂದ್ರೆ ನೋಡಾನ' ಎನ್ನುವ ಪಂಥದ ಮೇಲೆ ನನಗೆ ಇರುವ ಸಿಟ್ಟು ಇದಕ್ಕೇ. ಕೆಲವು ನೂರು ರೂಪಾಯಿಯ ಬೂಟ್ ಕಿಟ್ಟಿನಲ್ಲಿ ಮುಗಿಯುವ ಕೆಲಸವನ್ನು ಅವರು ಕೆಲವು ಸಾವಿರಕ್ಕೆ ಒಯ್ಯುತ್ತಾರೆ. ಸದ್ದು ಬಂದ ಮೇಲೆ ಹೆಸರಿಲ್ಲದ ಡಬ್ಬಿಯ ಅಗ್ಗದ ಆಕ್ಸಲ್ ಹಾಕುತ್ತಾರೆ. ಕಾರ್ಖಾನೆಯಿಂದ ಬಂದ ಜಾಯಿಂಟಿನ ಉಕ್ಕು, ಅದರ ಹದ, ಗುಂಡಿಗೂ ಪಂಜರಕ್ಕೂ ಇರುವ ಬಿಗಿ ಅಗ್ಗದ ಮಾಲಿನಲ್ಲಿ ಸಿಗುವುದಿಲ್ಲ. ತೋಡುಗಳು ಚೆನ್ನಾಗಿರುವ ಹಳೆಯ ಆಕ್ಸಲ್ ಅದಕ್ಕಿಂತ ಎಷ್ಟೋ ಮೇಲು.

ಚೆನ್ನಾಗಿದೆಯೇ ಎಂದು ತಿಳಿಯುವುದು ಬಿಚ್ಚಿದಾಗ ಮಾತ್ರ. ಹಬ್ ನಟ್ಟಿನ ಅಂಚನ್ನು ಶಾಫ್ಟಿನ ಸಂದಿಗೆ ತಟ್ಟಿ ಲಾಕ್ ಮಾಡಿರುತ್ತಾರೆ. ಆ ಲಾಕು ಎತ್ತಿ, ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಶಾಫ್ಟು ಹಿಡಿದು ಎಳೆಯಬಾರದು, ಎಳೆದರೆ ಒಳಜಾಯಿಂಟಿನ ಮೂರು ರೋಲರುಗಳು ಕಪ್ಪಿನಿಂದ ಕಳಚಿಕೊಳ್ಳುತ್ತವೆ. ಕಪ್ಪನ್ನೇ ಮೀಟಿ ತೆಗೆಯಬೇಕು. ಗೇರ್ ಆಯಿಲ್ ಸುರಿಯುತ್ತದೆ, ಕೆಳಗೆ ತಟ್ಟೆ ಇರಲಿ. ಹೊರಜಾಯಿಂಟನ್ನು ಡೀಸೆಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪಂಜರ ಓರೆ ಮಾಡಿ ಗುಂಡುಗಳನ್ನು ಒಂದೊಂದಾಗಿ ತೆಗೆಯಿರಿ. ಯಾವ ಗುಂಡು ಯಾವ ತೋಡಿನದು ಎಂಬುದು ತಪ್ಪಬಾರದು. ಬೆಳಕಿಗೆ ಹಿಡಿದು ತೋಡಿನ ಮೇಲೆ ಉಗುರು ಎಳೆಯಿರಿ. ಹೊಳೆಯುವ ಪಟ್ಟಿ ಕಂಡರೆ ಚಿಂತೆಯಿಲ್ಲ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಆ ಜಾಯಿಂಟಿನ ಕಥೆ ಮುಗಿಯಿತು, ಹೊಸ ಗ್ರೀಸು ತುಂಬಿ ಮಾರುವುದು ಮೋಸ.

ತುಂಬುವುದು ಕಿಟ್ಟಿನ ಜೊತೆ ಬರುವ ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸನ್ನೇ, ಪೊಟ್ಟಣದಲ್ಲಿರುವಷ್ಟನ್ನೂ. ಬೇರಿಂಗಿನ ಡಬ್ಬಿಯಿಂದ ಬೆರಳಲ್ಲಿ ತೋಡಿ ಹಾಕುವುದನ್ನು ನಿಲ್ಲಿಸಬೇಕು. ಬೂಟಿನ ತುಟಿ ಸ್ವಲ್ಪ ಎತ್ತಿ ಒಳಗಿನ ಗಾಳಿ ಬಿಟ್ಟು, ಆಮೇಲೆ ಕ್ಲಿಪ್ ಬಿಗಿಯಿರಿ. ಕ್ಲಿಪ್ಪಿನ ಬದಲು ಬೈಂಡಿಂಗ್ ವೈರ್ ಸುತ್ತಿದರೆ ಅದು ರಬ್ಬರನ್ನು ಕೊಯ್ಯುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಅದೇ ಪಾಡು. ಹಬ್ ನಟ್ಟು ಹೊಸದಿರಲಿ. ಪಾನಾಕ್ಕೆ ಪೈಪು ಸಿಕ್ಕಿಸಿ ಅಂದಾಜಿನಲ್ಲಿ ಬಿಗಿಯದೆ ಟಾರ್ಕ್ ಪಾನಾದಲ್ಲಿ ಬಿಗಿಯಿರಿ, ಇಲ್ಲದಿದ್ದರೆ ಮುಂದಿನ ಸರದಿ ವೀಲ್ ಬೇರಿಂಗಿನದು.

ಕುರುಗೋಡಿನ ಓದುಗರೊಬ್ಬರು ಕೇಳಿದ್ದಾರೆ: ಪೂರ್ತಿ ತಿರುಗಿಸಿದಾಗ ಮಾತ್ರ ಸಣ್ಣಗೆ ಟಕಟಕ ಬರುತ್ತದೆ, ದೂರದ ಊರಿಗೆ ಹೋಗಬಹುದೇ? ಹೋಗಬೇಡಿ. ಸಣ್ಣ ಸದ್ದಿನಲ್ಲಿ ಬಹಳ ದಿನ ಓಡಿದ ಗಾಡಿಗಳಿವೆ ನಿಜ, ಆದರೆ ಪಂಜರ ಒಡೆಯುವ ದಿನವನ್ನು ಯಾರೂ ಮುಂಚಿತವಾಗಿ ಹೇಳಲಾರರು. ಒಂದು ಬದಿ ಒಡೆದರೆ ಡಿಫರೆನ್ಷಿಯಲ್ ಎಲ್ಲ ತಿರುಗುವಿಕೆಯನ್ನೂ ಆ ಬದಿಗೇ ಬಿಡುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಕದಲುವುದಿಲ್ಲ. ಅಂಥ ಗಾಡಿ ಇಳಿಜಾರಿನಲ್ಲಿ ಗೇರಿನಲ್ಲಿಟ್ಟರೂ ನಿಲ್ಲುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಆಮೇಲೆ ಇಳಿಯಿರಿ.