ಕಡಿಯಲು ಕೊಟ್ಟದ್ದು ಉಳಿಯಬಾರದು

ಸಾಕಲೆಂದು ಜೋಡಿ ಇಲಿ ಕೊಂಡವರಿಗೆ ಅಂಗಡಿಯವರು ತಪ್ಪದೆ ಕೊಡುವ ವಸ್ತು ಬಣ್ಣಬಣ್ಣದ ಖನಿಜದ ಬಿಲ್ಲೆ. “ಹಲ್ಲು ಬೆಳೀತಾನೇ ಇರುತ್ತೆ ಸಾರ್, ಇದನ್ನ ಕಡೀಲಿಲ್ಲ ಅಂದ್ರೆ ಬಾಯಿ ಮುಚ್ಚೋಕೇ ಆಗಲ್ಲ” ಎಂಬ ಎಚ್ಚರಿಕೆಯೂ ಜೊತೆಗಿರುತ್ತದೆ. ಮಾತಿನ ಮೊದಲರ್ಧ ನಿಜ. ಆದರೆ ಆ ಬಿಲ್ಲೆ ಪಂಜರದ ಮೂಲೆಯಲ್ಲಿ ತಿಂಗಳುಗಟ್ಟಲೆ ಹೊಸದರಂತೆಯೇ ಬಿದ್ದಿರುತ್ತದೆ.

ಇಲಿಯ ನಾಲ್ಕು ಬಾಚಿಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತವೆ, ವರ್ಷಕ್ಕೆ 10 ಸೆಂಟಿಮೀಟರಿಗೂ ಮಿಗಿಲಾಗಿ. ಹಲ್ಲಿನ ಮುಂಬದಿಯ ಎನಾಮಲ್‌ನಲ್ಲಿ ಕಬ್ಬಿಣದ ಅಂಶವಿದೆ, ಆ ಹಳದಿ-ಕಿತ್ತಳೆ ಬಣ್ಣ ಅದರಿಂದಲೇ ಬಂದದ್ದು, ಕೊಳೆಯಿಂದಲ್ಲ. ಹಿಂಬದಿ ಮೆದು. ಮೆದು ಭಾಗ ಬೇಗ ಸವೆದಂತೆ ಮುಂದಿನ ಅಂಚು ಬಡಗಿಯ ಉಳಿಯ ಹಾಗೆ ಹರಿತವಾಗಿ ನಿಲ್ಲುತ್ತದೆ. ಈ ಸವೆತದ ಬಹುಪಾಲನ್ನು ಇಲಿ ಮೇಲಿನ ಹಲ್ಲಿಗೆ ಕೆಳಗಿನದನ್ನು ಮಸೆದು ತಾನೇ ಮಾಡಿಕೊಳ್ಳುತ್ತದೆ. ತೊಡೆಯ ಮೇಲೆ ಹಾಯಾಗಿ ಮಲಗಿದಾಗ ಕೇಳುವ ಸಣ್ಣ ಕರಕರ ಸದ್ದು ಅದೇ. ದವಡೆಯ ಸ್ನಾಯುವಿನ ಒಂದು ಪದರ ಕಣ್ಣಿನ ಗೂಡಿನೊಳಗಿನಿಂದ ಹಾದುಹೋಗುವುದರಿಂದ ಮಸೆತ ಜೋರಾದಾಗ ಕಣ್ಣುಗುಡ್ಡೆಗಳು ಹೊರಗೆ ಬಂದು ಒಳಗೆ ಹೋಗಿ ಅದುರುತ್ತವೆ. ಮೊದಲ ಸಲ ಕಂಡವರು ಫಿಟ್ಸ್ ಬಂತೆಂದು ಹೆದರುವುದುಂಟು. ಹೆಚ್ಚಿನ ಸಲ ಅದು ಸುಖದ ಗುರುತು.

ಹಾಗಿದ್ದ ಮೇಲೆ ಕಡಿಯಲು ಕೊಡಬೇಕೇಕೆ? ಕಡಿಯುವುದು ಇಲಿಯ ಕಸುಬು. ಗೂಡು ಹೂಡುವುದು, ದಾರಿ ಮಾಡಿಕೊಳ್ಳುವುದು, ಸಿಪ್ಪೆಯೊಳಗಿನ ಕಾಳು ತೆಗೆಯುವುದು ಎಲ್ಲವೂ ಬಾಯಲ್ಲೇ ಆಗಬೇಕು. ಕಸುಬು ಸಿಗದ ಇಲಿ ರಾತ್ರಿಯಿಡೀ ಕಂಬಿ ಕಡಿಯುತ್ತದೆ. ಆದ್ದರಿಂದ ನನ್ನ ಅಳತೆಗೋಲು ಇಷ್ಟೆ: ಒಳಗಿಟ್ಟ ವಸ್ತು ವಾರ ಕಳೆಯುವುದರೊಳಗೆ ಹಾಳಾಗಿರಬೇಕು. ವರ್ಷ ಬಾಳಿಕೆ ಬಂದ ಆಟಿಕೆಯನ್ನು ಇಲಿ ಮೂಸಿಯೂ ನೋಡಿಲ್ಲವೆಂದೇ ತಿಳಿಯಿರಿ.

ಈ ಅಳತೆಯಲ್ಲಿ ರಟ್ಟಿನ ಡಬ್ಬಕ್ಕೆ ಸಾಟಿಯಾದದ್ದು ಇಲ್ಲ. ಟೇಪು, ಪಿನ್ನು ಕಿತ್ತು ಒಂದು ಡಬ್ಬ ಇಟ್ಟು ನೋಡಿ. ಹೆಣ್ಣು ಇಲಿ ಮೊದಲು ಮೀಸೆಯಿಂದ ಅಂಚನ್ನೆಲ್ಲ ತಡವುತ್ತದೆ. ಆಮೇಲೆ ತಲೆ ಓರೆ ಮಾಡಿ ಒಂದೇ ಜಾಗದಲ್ಲಿ ಕತ್ತರಿಸತೊಡಗುತ್ತದೆ. ಆಗ ಕೆನ್ನೆಯ ಚರ್ಮ ಬಾಚಿಹಲ್ಲಿನ ಹಿಂದಿನ ಖಾಲಿ ಜಾಗಕ್ಕೆ ಮಡಚಿಕೊಂಡು ಬಾಯಿಯನ್ನು ಒಳಗಿನಿಂದ ಮುಚ್ಚುತ್ತದೆ. ಕತ್ತರಿಸಿದ ಚೂರು ಗಂಟಲಿಗಿಳಿಯದೆ ಕೆಳಗೆ ಉದುರುವುದು ಈ ಏರ್ಪಾಡಿನಿಂದ. ಬಾಗಿಲು ದೊಡ್ಡದಾದ ಮೇಲೆ ಉದ್ದನೆಯ ಪಟ್ಟಿಗಳನ್ನು ಹರಿದು, ಬಾಯಲ್ಲಿ ಕಚ್ಚಿಕೊಂಡು, ಮೇಲಟ್ಟದ ಗೂಡಿಗೆ ಸಾಗಿಸುತ್ತದೆ. ಗಂಡು ಇಲಿಗಳು ಸ್ವಲ್ಪ ಆರಾಮದವು. ಡಬ್ಬದೊಳಗೆ ಮಲಗಿ ಕೈಗೆಟುಕಿದಷ್ಟು ಕಡಿಯುತ್ತವೆ. ಮೊಟ್ಟೆಯ ಕಾಗದದ ಟ್ರೇ ಕೂಡ ಚೆನ್ನ. ಮಿರುಗುವ ಬಣ್ಣದ ಪುಟ, ಪ್ಲಾಸ್ಟಿಕ್ ಹೊದಿಕೆಯ ರಟ್ಟು ಬೇಡ. ಕಿರಾಣಿ ಗೋದಾಮಿನ ನೆಲದಲ್ಲಿ ಬಿದ್ದಿದ್ದ ಡಬ್ಬವಂತೂ ಬೇಡವೇ ಬೇಡ. ಅದರ ಮೇಲೆ ಬೀದಿ ಇಲಿಗಳ ಮೂತ್ರ, ಉಣ್ಣೆ, ಹೇನು ಇರುವ ಸಂಭವ ಹೆಚ್ಚು.

ಮರಗಳಲ್ಲಿ ನಮ್ಮ ಹಿತ್ತಿಲ ಸೀಬೆಯೇ ನನ್ನ ಆಯ್ಕೆ. ಔಷಧಿ ಹೊಡೆಯದ ಗಿಡದಿಂದ ಬೆರಳು ದಪ್ಪದ ಕೊಂಬೆ ಕತ್ತರಿಸಿ, ಬಿಸಿನೀರಲ್ಲಿ ತೊಳೆದು, ಬಿಸಿಲಿಗೆ ಒಣಹಾಕಿ ಕೊಡಿ. ಮೊದಲು ತೊಗಟೆಯನ್ನು ಸುಲಿಯುತ್ತವೆ. ಮೇದರ ಅಂಗಡಿಯ ಬಿದಿರು ಬುಟ್ಟಿ, ವಾರ್ನಿಷ್ ಬಳಿಯದ್ದು, ತಲೆಕೆಳಗಾಗಿ ಕವುಚಿದರೆ ಮನೆ, ತೂಗುಹಾಕಿದರೆ ಅಟ್ಟಣಿಗೆ. ತೆಂಗಿನ ಕರಟ ಬೇಗ ಹಾಳಾಗದಿದ್ದರೂ ಅದಕ್ಕೊಂದು ವಿನಾಯಿತಿ ಕೊಡುತ್ತೇನೆ, ಏಕೆಂದರೆ ಒಳಗೆ ಅಂಟಿದ ಕಾಯನ್ನು ಕೆರೆಯುವ ಕೆಲಸ ಅದರಲ್ಲಿದೆ. ಮಾರನೆಯ ದಿನ ಹೊರತೆಗೆದುಬಿಡಿ, ಬೂಷ್ಟು ಹಿಡಿಯಬಾರದು. ಬೂಷ್ಟಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕಡಲೆಕಾಯಿಗೆ ಹಿಡಿಯುವ ಬೂಷ್ಟಿನ ಅಫ್ಲಾಟಾಕ್ಸಿನ್ ಇಲಿಯ ಯಕೃತ್ತಿನಲ್ಲಿ ಕ್ಯಾನ್ಸರ್ ತರುತ್ತದೆ. ಉಪ್ಪು ಹಾಕದೆ ಹುರಿದ, ಗಟ್ಟಿ ಸಿಪ್ಪೆಯ ಒಳ್ಳೆಯ ಕಾಯನ್ನಷ್ಟೇ ಆರಿಸಿ. ಅಕ್ರೋಟನ್ನು ಇಡಿಯಾಗಿ ಕೊಡುವುದಾದರೆ ಸಣ್ಣ ತೂತು ಕೊರೆಯಿರಿ. ತಿರುಳಿನ ವಾಸನೆ ಹೊರಬಂದರೆ ಇಲಿ ಬಿಡುವುದಿಲ್ಲ.

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದ ವಿಷ ಹೊರಗೆ ಬಾರದು. ಕಣಗಿಲೆ, ಎಕ್ಕದಂಥ ಗಿಡಗಳ ಹತ್ತಿರವೂ ಸುಳಿಯಬೇಡಿ. ಸೀಡರ್, ಹಸಿ ಪೈನ್ ಮರದ ಘಮ ಮನುಷ್ಯರಿಗೆ ಹಿತ, ಇಲಿಯ ಉಸಿರಾಟಕ್ಕೂ ಯಕೃತ್ತಿಗೂ ಅಲ್ಲ. ಬಡಗಿ ಅಂಗಡಿಯ ಹೊಟ್ಟಿನಲ್ಲಿ ಪ್ಲೈವುಡ್ಡಿನ ಅಂಟೂ ಧೂಳೂ ಸೇರಿರುತ್ತವೆ. ಇನ್ನು ಕಿತ್ತಳೆ ಸಿಪ್ಪೆ: ಅದರ ಎಣ್ಣೆಯಲ್ಲಿರುವ ಲಿಮೊನೀನ್, ಗಂಡು ಇಲಿಯ ಮೈಯಲ್ಲಿ ಹೇರಳವಾಗಿ ತಯಾರಾಗುವ ಒಂದು ಪ್ರೋಟೀನ್ ಜೊತೆ ಕೂಡಿ ಮೂತ್ರಪಿಂಡ ಕೆಡಿಸುತ್ತದೆ. ಎಳೆ ಬಿಡುವ ಹಳೇ ಬಟ್ಟೆಯೂ ಬೇಡ, ದಾರ ಬೆರಳಿಗೆ ಸುತ್ತಿಕೊಂಡು ರಕ್ತ ಹರಿಯದಂತೆ ಬಿಗಿಯುತ್ತದೆ.

ಕಡಿತದಾಚೆಗೂ ಕಸುಬುಗಳಿವೆ. ಕಾಳನ್ನು ಬಟ್ಟಲಿಗೆ ಸುರಿಯದೆ ಕಾಗದದ ಚೂರುಗಳ ನಡುವೆ ಚೆಲ್ಲಿ. ಅಗಲ ತಟ್ಟೆಯಲ್ಲಿ ಒಂದಂಗುಲ ನೀರು ಹಾಕಿ ಹಸಿ ಬಟಾಣಿ ಬಿಡಿ. ಕೆಲವು ದಡದಲ್ಲೇ ನಿಂತು ಕೈಯಿಂದ ಬಾಚುತ್ತವೆ, ಕೆಲವು ಮೂತಿ ಮುಳುಗಿಸುತ್ತವೆ. ತೆಂಗಿನ ನಾರಿನ ಪುಡಿ ತುಂಬಿದ ತೊಟ್ಟಿಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದರೆ ಅಗೆಯಲು ಒಂದು ಹೊಲವೇ ಸಿಕ್ಕಂತೆ.

ಇದೆಲ್ಲ ಬರೀ ಮುದ್ದಾಟವೆಂದು ಭಾವಿಸುವವರಿಗೆ ಹಳೆಯ ಎರಡು ಕೆಲಸಗಳನ್ನು ನೆನಪಿಸಬೇಕು. ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಕೆಲವು ಇಲಿಗಳನ್ನು ಮನೆಗೊಯ್ದು ತಮ್ಮ ಹೆಣ್ಣುಮಕ್ಕಳಿಗೆ ಸಾಕಲು ಕೊಟ್ಟರು. ಮನೆಯಲ್ಲಿ ಓಡಾಡಿಕೊಂಡು ಬೆಳೆದ ಆ ಇಲಿಗಳು ಪ್ರಯೋಗಾಲಯದ ಪಂಜರದಲ್ಲೇ ಬೆಳೆದವುಗಳಿಗಿಂತ ಚೆನ್ನಾಗಿ ಒಗಟು ಬಿಡಿಸಿದ್ದನ್ನು 1947ರಲ್ಲಿ ವರದಿ ಮಾಡಿದರು. ಆಮೇಲೆ ಬರ್ಕ್ಲಿಯಲ್ಲಿ ಮೇರಿಯನ್ ಡೈಮಂಡ್ ಮತ್ತು ಸಂಗಡಿಗರು ಒಡನಾಡಿಗಳೂ ಆಟಿಕೆಗಳೂ ಇದ್ದ ಪಂಜರದಲ್ಲಿ ಬೆಳೆದ ಇಲಿಗಳ ಮಿದುಳಿನ ಹೊರಪದರ, ಒಂಟಿಯಾಗಿ ಬರಿಯ ಪಂಜರದಲ್ಲಿ ಬೆಳೆದವುಗಳದ್ದಕ್ಕಿಂತ ದಪ್ಪಗಿರುವುದನ್ನು 1964ರಲ್ಲಿ ತೋರಿಸಿದರು. ಅಲ್ಲಿ ಆಟಿಕೆಗಳನ್ನು ಬದಲಿಸುತ್ತಲೇ ಇದ್ದರೆಂಬುದು ಮುಖ್ಯ. ಒಡನಾಡಿ ಅಷ್ಟೇ ಮುಖ್ಯ. ಒಂಟಿ ಇಲಿಗೆ ಎಷ್ಟು ಡಬ್ಬ ಕೊಟ್ಟರೂ ಜೊತೆಗಾರ ಇಲ್ಲದ ಕೊರತೆ ತುಂಬುವುದಿಲ್ಲ.

ಬದಲಿಸುವಾಗ ಎಲ್ಲವನ್ನೂ ಒಮ್ಮೆಲೇ ಎತ್ತಬೇಡಿ. ಹೊಸದನ್ನು ಕಂಡರೆ ಅಳುಕುವುದು ಇಲಿಯ ಹುಟ್ಟುಗುಣ. ಸಾಕಿದವುಗಳಲ್ಲಿ ಅದು ಕಡಿಮೆಯಾಗಿದ್ದರೂ ಪೂರ್ತಿ ಹೋಗಿಲ್ಲ. ಪಂಜರ ತೊಳೆದ ದಿನವೂ ಹಳೆಯ ಗೂಡಿನ ಒಂದು ಹಿಡಿ ಕಾಗದ ಹಾಗೇ ಇರಲಿ, ಅದರ ವಾಸನೆಯ ಧೈರ್ಯದಿಂದ ಹೊಸದರ ಬಳಿ ಹೋಗುತ್ತವೆ.

ಕೊನೆಗೊಂದು ಮಾತು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ಕೂಡದೆ ಓರೆಯಾಗಿ ಬೆಳೆದ ಇಲಿಗೆ ಯಾವ ಕೊಂಬೆಯೂ ಮದ್ದಲ್ಲ. ಜೊಲ್ಲು ಸುರಿಸುತ್ತಿದ್ದರೆ, ತೂಕ ಇಳಿದರೆ, ಗಟ್ಟಿ ಕಾಳನ್ನು ಕೈಗೆತ್ತಿಕೊಂಡು ಬಿಟ್ಟುಬಿಡುತ್ತಿದ್ದರೆ ತುಟಿ ಸರಿಸಿ ಹಲ್ಲು ನೋಡಿ. ಬೆಳೆದಿದ್ದರೆ ಉಗುರು ಕತ್ತರಿಸುವ ಕಟರ್ ಹಿಡಿದು ಮನೆಯಲ್ಲೇ ಕತ್ತರಿಸಲು ಹೋಗಬೇಡಿ. ಹಲ್ಲು ಬುಡದವರೆಗೂ ಸೀಳಬಹುದು. ಸಣ್ಣ ಪ್ರಾಣಿಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರ ಬಳಿಗೆ ಅಂದೇ ಕರೆದೊಯ್ಯಿರಿ.